ಸ್ಲೈಡಿಂಗ್ ಬಾಗಿಲಿನ ಸೊಳ್ಳೆ ಜಾಲರಿ ಹರಿದರೆ ಇಡೀ ಬಾಗಿಲೇ ಬದಲಿಸಬೇಕೇ?

ಬೇಕಿಲ್ಲ. ಬಾಲ್ಕನಿ ಬಾಗಿಲಿನ ಜಾಲರಿಯನ್ನು ಸಾಮಾನ್ಯವಾಗಿ ಹಿಡಿದಿಟ್ಟಿರುವುದು ಚೌಕಟ್ಟಿನ ಸಂದಿಯಲ್ಲಿ ಕೂತಿರುವ ರಬ್ಬರ್ ಬೀಡಿಂಗ್ ಮಾತ್ರ.

ಕೆಳಗಿನ ಚಕ್ರಗಳ ಸ್ಕ್ರೂ ಸಡಿಲಿಸಿ, ಜಾಲರಿ ಬಾಗಿಲನ್ನು ಮೇಲಕ್ಕೆತ್ತಿ, ಕೆಳತುದಿಯನ್ನು ನಿಮ್ಮ ಕಡೆಗೆ ಎಳೆದರೆ ಹಳಿಯಿಂದ ಹೊರಬರುತ್ತದೆ. ಒಬ್ಬರೇ ಎತ್ತಬೇಡಿ. ನೆಲದ ಮೇಲೆ ಮಲಗಿಸಿ, ಬೀಡಿಂಗ್ ಕಿತ್ತು, ಹೊಸ ಜಾಲರಿ ಹಾಸಿ, ಅಷ್ಟೇ ದಪ್ಪದ ಹೊಸ ಬೀಡಿಂಗನ್ನು ಸಂದಿಗೆ ಒತ್ತುತ್ತಾ ಬನ್ನಿ. ಹೆಚ್ಚಾದ ಜಾಲರಿಯನ್ನು ಕೊನೆಯಲ್ಲಿ ಕತ್ತರಿಸಿ. ಹಲವರು ತಪ್ಪುವುದು ಇಲ್ಲೇ: ಮಂಚಕ್ಕೆ ನವಾರು ಬಿಗಿದಂತೆ ಎಳೆಯುತ್ತಾರೆ. ತೆಳು ಅಲ್ಯೂಮಿನಿಯಂ ಚೌಕಟ್ಟು ಒಳಕ್ಕೆ ಬಾಗಿ, ಬದಿಯಲ್ಲಿ ಸಂದಿ ಬಿಡುತ್ತದೆ. ಸೊಳ್ಳೆಗೆ ಅಷ್ಟು ಸಾಕು!

ಜಾಲರಿ ಕೊಳ್ಳುವಾಗ ಇಂಚಿಗೆ 18x16 ಎಳೆಗಳಿರುವುದನ್ನು ಕೇಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲಿ. ಹಾಗಾಗಿ ಸಂಜೆ ಮಾತ್ರ ಜಾಲರಿ ಎಳೆಯುವ ಅಭ್ಯಾಸ ಸಾಲದು.

‘ಜಾಲರಿ ಇದೆಯಲ್ಲ, ಮಗು ಬಾಲ್ಕನಿಗೆ ಹೋಗಲ್ಲ’ ಎಂಬ ಧೈರ್ಯವಂತೂ ಬೇಡವೇ ಬೇಡ. ಮಗು ಒರಗಿದರೆ ಸಾಕು, ಬೀಡಿಂಗ್ ಕಳಚಿಕೊಳ್ಳಬಹುದು. ಮಗುವಿಗೆ ಬೇಕಿರುವುದು ಗಟ್ಟಿ ಗ್ರಿಲ್ಲು ಮತ್ತು ಚಿಲಕ.