ಗಾಡಿ ಮಾತಾಡುತ್ತೆ, ಕೇಳಿಸಿಕೊಳ್ಳಿ



ಶ್ರೀರಾಂಪುರದಿಂದ ಹೊಸದುರ್ಗಕ್ಕೆ ಹೋಗಬೇಕು. ಮಗುವಿಗೆ ಜ್ವರ. ಬಸ್ಸು ತಪ್ಪಿ ಹೋಯಿತು. ಆಗ ಏನು ಮಾಡುತ್ತೇವೆ? ಯಾರದೋ ಹಳೆ ಕಾರು ಹತ್ತುತ್ತೇವೆ. ಕೆಲವರ ಮನೆಯಲ್ಲೇ ಒಂದು ಹಳೆ ಕಾರು ಇರುತ್ತೆ. ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ತಗೊಂಡದ್ದು.

ಮಾರುತಿ 800 ಕಾರು ಬಂದದ್ದು 1983ರಲ್ಲಿ. ಅಂಬಾಸಿಡರ್ ಅದಕ್ಕಿಂತ ಹಳೆಯದು. ಎರಡೂ ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಹಳೆ ಗಾಡಿಗಳು ಹಳ್ಳಿ ದಾರಿಯಲ್ಲಿ ಓಡುತ್ತವೆ. ಓಡಲಿ, ತಪ್ಪಿಲ್ಲ. ಆದರೆ ಹಳೆ ಗಾಡಿ ಹಳೆ ಮನುಷ್ಯರ ಹಾಗೆ. ಕೀಲು ಸವೆಯುತ್ತೆ. ಸವೆದಾಗ ಸದ್ದು ಮಾಡುತ್ತೆ. ಆ ಸದ್ದು ನಮಗೆ ಹೇಳುವ ಮಾತು.

ಒಂದು ಮನೆಯ ಮಾತು

ಒಂದು ಮನೆ ಅಂದುಕೊಳ್ಳಿ. ಗಂಡ ಹೆಂಡತಿ ಕಾರಿನಲ್ಲಿ ಹೊರಟಿದ್ದಾರೆ.

“ಏನ್ರೀ, ಮುಂದೆ ಟಕ್ ಟಕ್ ಅಂತೈತಲ್ಲ?”

“ಹಳೆ ಗಾಡಿ ಕಣೇ. ಹಂಗೇ ಅಂತೈತೆ. ಗಾಡಿ ವಿಚಾರ ನಿಂಗೇನು ಗೊತ್ತು?”

ಆಕೆ ಸುಮ್ಮನಾದಳು. ಆದರೆ ಕಿವಿ ಸುಮ್ಮನಿರಲಿಲ್ಲ. ಆಕೆ ಈಗ ಓದು ಬರಹ ಕಲಿತವಳು. ಮನೆಗೆ ಬಂದು ನೋಟ್ ಪುಸ್ತಕ ತೆಗೆದಳು. ಹೀಗೆ ಬರೆದಳು:

ಸೋಮವಾರ. ಗುಂಡಿಗೆ ಇಳಿದಾಗ ಟಕ್ ಅಂತು.

ಗುರುವಾರ. ನಿಧಾನವಾಗಿ ತಿರುಗಿಸುವಾಗಲೂ ಟಕ್ ಅಂತು. ನೇರ ರಸ್ತೆಯಲ್ಲಿ ಸದ್ದಿಲ್ಲ.

ಭಾನುವಾರ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಡವಾಗಿ ತಿರುಗಿತು.

ಇಷ್ಟೇ ಬರಹ. ಇದು ಎಷ್ಟು ದೊಡ್ಡ ಕೆಲಸ ಮಾಡಿತು, ಮುಂದೆ ನೋಡೋಣ.

ಸದ್ದು ಯಾವಾಗ ಬರುತ್ತೆ?

ರಾಗಿ ಬೀಸುವ ಕಲ್ಲು ನಮಗೆಲ್ಲ ಗೊತ್ತು. ಕಾಳು ಇದ್ದಾಗ ಒಂದು ಸದ್ದು. ಕಾಳು ಮುಗಿದು ಕಲ್ಲಿಗೆ ಕಲ್ಲು ತಾಗಿದಾಗ ಬೇರೆ ಸದ್ದು. ಕಣ್ಣು ಮುಚ್ಚಿದ್ದರೂ ನಮಗೆ ತಿಳಿಯುತ್ತೆ. ಗಾಡಿಯ ಸದ್ದೂ ಹಾಗೆಯೇ. ಅದು ಯಾವಾಗ ಬರುತ್ತೆ ಅಂತ ಗಮನಿಸಬೇಕು.

ಬ್ರೇಕ್ ಒತ್ತಿದಾಗ ಕೀರಲು ಸದ್ದು ಬಂದರೆ, ಬ್ರೇಕಿನ ಪಟ್ಟಿ ಸವೆದಿರಬಹುದು. ಕರ ಕರ ಅಂತ ಉಜ್ಜುವ ಸದ್ದು ಬಂದರೆ ಇನ್ನೂ ಕೆಟ್ಟದ್ದು. ಪಟ್ಟಿ ಪೂರಾ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿರಬಹುದು. ಕಾಳಿಲ್ಲದ ಬೀಸೋ ಕಲ್ಲಿನ ಹಾಗೆ. ಆ ಗಾಡಿ ಓಡಿಸಬಾರದು.

ವೇಗ ಹೆಚ್ಚಿದಂತೆ ಗುಂಯ್ ಅನ್ನುವ ಸದ್ದೂ ಹೆಚ್ಚಿದರೆ, ಚಕ್ರದ ಬೇರಿಂಗ್ ಹೋಗಿರಬಹುದು. ಒಮ್ಮೊಮ್ಮೆ ಸವೆದ ಟೈರೂ ಹೀಗೆ ಸದ್ದು ಮಾಡುತ್ತೆ.

ಗುಂಡಿಗೆ ಇಳಿದಾಗ ದಡ್ ಅಂದರೆ, ಶಾಕ್ ಅಬ್ಸಾರ್ಬರ್, ರಬ್ಬರ್ ಬುಷ್ ಇಲ್ಲವೇ ಕೀಲು ಸವೆದಿರಬಹುದು.

ಮಾರುತಿಯಂಥ ಕಾರಿನಲ್ಲಿ ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ಪೂರ್ತಿ ತಿರುಗಿಸಿ ಹೊರಟಾಗ ಕಟ ಕಟ ಅಂದರೆ, ಚಕ್ರಕ್ಕೆ ಬಲ ಕೊಡುವ ಸರಳಿನ ಕೀಲು ಸವೆದಿರುತ್ತೆ.

ಬೆಳಗ್ಗೆ ಎಂಜಿನ್ ಹಚ್ಚಿದ ಕೂಡಲೇ ಕಿರ್ ಅಂತ ಕಿರುಚಿದರೆ, ಬೆಲ್ಟ್ ಸಡಿಲವಾಗಿರಬಹುದು. ಇದು ಕಡಿಮೆ ಖರ್ಚಿನ ಕೆಲಸ. ಆದರೆ ಬೆಲ್ಟ್ ಹರಿದರೆ ದಾರಿಯಲ್ಲೇ ನಿಲ್ಲಬೇಕಾದೀತು.

ಸ್ಟೇರಿಂಗ್ ಏನು ಹೇಳುತ್ತೆ?

ಗಾಡಿ ಒಂದೇ ಕಡೆಗೆ ಎಳೆಯುತ್ತಾ? ಮೊದಲು ಟೈರಿನ ಗಾಳಿ ನೋಡಿಸಿ. ಒಂದರಲ್ಲಿ ಕಡಿಮೆ ಇದ್ದರೆ ಗಾಡಿ ಆ ಕಡೆ ವಾಲುತ್ತೆ. ಗಾಳಿ ಸರಿ ಇದ್ದೂ ಎಳೆದರೆ ಚಕ್ರದ ಜೋಡಣೆ ತಪ್ಪಿರಬಹುದು. ಇಲ್ಲವೇ ಒಂದು ಚಕ್ರದ ಬ್ರೇಕ್ ಹಿಡಿದುಕೊಂಡಿರಬಹುದು.

ಒಂದು ವೇಗಕ್ಕೆ ಬಂದಾಗ ಸ್ಟೇರಿಂಗ್ ನಡುಗುತ್ತಾ? ಚಕ್ರದ ತೂಕ ಸಮವಾಗಿಲ್ಲದೆ ಇರಬಹುದು. ಚಕ್ರದ ನಟ್ ಸಡಿಲವಾಗಿದ್ದರೂ ನಡುಗುತ್ತೆ. ಅದಕ್ಕೆ ಗಾಡಿ ನಿಲ್ಲಿಸಿ ನಟ್ ನೋಡಲೇಬೇಕು.

ತಿರುಗಿಸಲು ಭಾರವಾಗಿದೆಯಾ? ಗಾಳಿ ಕಡಿಮೆ ಇರಬಹುದು. ಪವರ್ ಸ್ಟೇರಿಂಗ್ ಇದ್ದರೆ ಅದರ ಎಣ್ಣೆ ಸೋರಿರಬಹುದು. ಗಾಡಿ ನಿಲ್ಲಿಸುವ ಜಾಗದಲ್ಲಿ ನೆಲ ನೋಡಿ. ಎಣ್ಣೆ ಕಲೆ ಇದ್ದರೆ ಹೇಳಿ.

ತಿರುಗಿಸಿದರೂ ಚಕ್ರ ಬೇಗ ತಿರುಗುವುದಿಲ್ಲವಾ? ಇದಕ್ಕೆ ‘ಪ್ಲೇ’ ಬಂದಿದೆ ಅನ್ನುತ್ತಾರೆ. ಇದು ತುಂಬ ಅಪಾಯ. ಯಾಕೆ ಗೊತ್ತಾ?

ನಮ್ಮ ಭುಜದ ಕೀಲು ನೆನೆಸಿಕೊಳ್ಳಿ. ಒಂದು ಗುಂಡು ಮೂಳೆ. ಅದು ಬಟ್ಟಲಿನಂಥ ಮೂಳೆಯಲ್ಲಿ ಕೂತಿದೆ. ಅದಕ್ಕೇ ಕೈ ಎಲ್ಲ ಕಡೆ ತಿರುಗುತ್ತೆ. ಗಾಡಿಯಲ್ಲೂ ಅಂಥದೇ ಕೀಲು ಇದೆ. ಅದರ ಹೆಸರು ಟೈ ರಾಡ್ ಎಂಡ್. ಸ್ಟೇರಿಂಗ್ ತಿರುಗಿಸಿದರೆ ಒಂದು ಸರಳು ಸರಿಯುತ್ತೆ. ಸರಳಿನ ತುದಿಯ ಈ ಕೀಲು ಚಕ್ರವನ್ನು ತಿರುಗಿಸುತ್ತೆ. ಕೀಲಿಗೆ ರಬ್ಬರಿನ ಟೊಪ್ಪಿಗೆ ಇರುತ್ತೆ. ಟೊಪ್ಪಿಗೆ ಹರಿದರೆ ಒಳಗೆ ಮಣ್ಣು ಹೋಗುತ್ತೆ. ನಮ್ಮ ದಾರಿಯ ಧೂಳು ಗೊತ್ತಲ್ಲ! ಒಳಗಿನ ಗ್ರೀಸ್ ಒಣಗುತ್ತೆ. ಗುಂಡು ಸವೆದು ಸಡಿಲವಾಗುತ್ತೆ. ಕೊನೆಗೆ ಬಟ್ಟಲಿನಿಂದ ಕಳಚುತ್ತೆ. ಆಗ ಸ್ಟೇರಿಂಗ್ ಕೈಯಲ್ಲಿದ್ದರೂ ಆ ಚಕ್ರ ಮಾತು ಕೇಳುವುದಿಲ್ಲ.

ಮೆಕ್ಯಾನಿಕ್ ಏನು ಮಾಡಿದ?

ಆ ಮನೆಯವಳು ನೋಟ್ ಪುಸ್ತಕ ಹಿಡಿದು ಗಂಡನ ಜೊತೆ ಗ್ಯಾರೇಜಿಗೆ ಹೋದಳು. ಬರೆದದ್ದನ್ನು ಓದಿ ಹೇಳಿದಳು. ಮೆಕ್ಯಾನಿಕ್ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಜಾಕ್ ಇಟ್ಟು ಮುಂದಿನ ಚಕ್ರ ಎತ್ತಿದ. ಭದ್ರವಾದ ಸ್ಟ್ಯಾಂಡ್ ಕೊಟ್ಟ. ಚಕ್ರವನ್ನು ಎಡಕ್ಕೂ ಬಲಕ್ಕೂ ಹಿಡಿದು ಅಲ್ಲಾಡಿಸಿದ. ಟಕ್ ಟಕ್ ಅಂತು. ಅದೇ ಸದ್ದು!

“ಟೈ ರಾಡ್ ಎಂಡ್ ಸವೆದೈತೆ ಅಣ್ಣ. ಹಿಂಗೇ ಓಡಿಸಿದ್ರೆ ದಾರೀಲೇ ಕಳಚ್ತಿತ್ತು. ಅಕ್ಕ ಸರಿಯಾಗಿ ಬರ್ಕೊಂಡು ಬಂದವ್ರೆ. ಹುಡುಕೋ ಕೆಲಸ ತಪ್ಪಿತು.”

ಗಂಡ ಹೆಂಡತಿಯ ಮುಖ ನೋಡಿದ. “ನಿನ್ನ ಮಾತು ಆವತ್ತೇ ಕೇಳಬೇಕಿತ್ತು” ಅಂದ.

ಮೆಕ್ಯಾನಿಕ್ ಹೊಸ ಕೀಲು ಹಾಕಿದ. ಈ ಕೀಲು ಬದಲಿಸಿದ ಮೇಲೆ ಚಕ್ರದ ಜೋಡಣೆ ಮತ್ತೆ ನೋಡಿಸಬೇಕು. ಇಲ್ಲದಿದ್ದರೆ ಹೊಸ ಟೈರೂ ಒಂದೇ ಅಂಚಿನಲ್ಲಿ ಸವೆಯುತ್ತೆ.

ನಾವು ಏನು ನೋಡಬಹುದು?

ರಿಪೇರಿ ಮಾಡುವುದು ಬಲ್ಲವರ ಕೆಲಸ. ಆದರೆ ನೋಡುವುದು, ಕೇಳುವುದು, ಬರೆಯುವುದು ನಮ್ಮ ಕೈಯಲ್ಲಿದೆ.

1. ಹತ್ತುವ ಮೊದಲು ನಾಲ್ಕೂ ಟೈರು ನೋಡಿ. ಒಂದು ಅಂಚು ಮಾತ್ರ ನುಣ್ಣಗಾಗಿದೆಯಾ?

2. ಸದ್ದು ಬಂದ ದಿನ ಬರೆದಿಡಿ. ಬ್ರೇಕ್ ಒತ್ತಿದಾಗಲೋ, ತಿರುಗುವಾಗಲೋ, ಗುಂಡಿಯಲ್ಲೋ ಅಂತ ಬರೆಯಿರಿ.

3. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ನುಗ್ಗಬಾರದು. ಮಕ್ಕಳನ್ನು ದೂರ ಇಡಿ.

4. ಬಾಡಿಗೆ ಗಾಡಿಗೆ ಹಳದಿ ಫಲಕ, ಕಪ್ಪು ಅಕ್ಷರ ಇರುತ್ತೆ. ಅದಕ್ಕೆ ಎಫ್.ಸಿ. ಅನ್ನುವ ಪತ್ರ ಬೇಕು. ಗಾಡಿಗೆ 8 ವರ್ಷ ದಾಟಿದ ಮೇಲೆ ಅದನ್ನು ಪ್ರತಿ ವರ್ಷ ಮಾಡಿಸಬೇಕು. ಪತ್ರದ ತಾರೀಕು ನಾವೇ ಓದಬಹುದು.

5. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ ಮತ್ತೆ ನೋಂದಣಿ ಮಾಡಿಸಬೇಕು. ಆರ್.ಸಿ. ಪುಸ್ತಕದಲ್ಲಿ ದಿನ ನೋಡಿ.

ಕೊನೆಯ ಮಾತು

ಬ್ರೇಕು ಮತ್ತು ಸ್ಟೇರಿಂಗ್, ಇವೆರಡರ ವಿಚಾರದಲ್ಲಿ “ನಾಳೆ ನೋಡೋಣ” ಅನ್ನಬಾರದು. ಬೇರೆ ಸದ್ದು ಸ್ವಲ್ಪ ಕಾದೀತು. ಇವು ಕಾಯುವುದಿಲ್ಲ.

ನೀವು ಕೂತ ಗಾಡಿ ಕರ ಕರ ಅಂದರೆ, ಇಲ್ಲವೇ ಅತ್ತಿತ್ತ ಹೊಯ್ದಾಡಿದರೆ, ಸಂಕೋಚ ಬೇಡ. “ಅಣ್ಣ, ಪಕ್ಕಕ್ಕೆ ನಿಲ್ಲಿಸು” ಅನ್ನಿ. ಇಳಿದು ಬಸ್ಸಿಗೆ ಕಾಯಿರಿ. ಕಾಯಿಲೆಯವರು ಜೊತೆಗಿದ್ದರೆ 108ಕ್ಕೆ ಫೋನ್ ಮಾಡಿ.

ಗಾಡಿ ಓಡಿಸುವವರು ಒಬ್ಬರೇ. ಆದರೆ ಕೂತವರೆಲ್ಲರದೂ ಜೀವವೇ. ಹಾಗಾದರೆ ಕೇಳುವ ಹಕ್ಕೂ ಎಲ್ಲರದು, ಅಲ್ಲವೇ?

ಮಾತಾಡಿಕೊಳ್ಳಿ

ನೀವು ಹೋಗುವ ಗಾಡಿಯಲ್ಲಿ ಎಂಥ ಸದ್ದು ಕೇಳಿದ್ದೀರಿ?

ಅದು ಯಾವಾಗ ಬಂತು? ಎರಡು ಸಾಲು ಬರೆಯಿರಿ. ಬರೆದದ್ದನ್ನು ಗಾಡಿ ಓಡಿಸುವವರಿಗೆ ಓದಿ ಹೇಳಿ.