ಬ್ಲಫ್‌ನ ನೀರಿನಿಂದ ಬಿಸಿಲ ಕಾರ್ಖಾನೆಗೆ

ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಳಿಯುವ ಬಹುಪಾಲು ಮಂದಿ ಭರಚುಕ್ಕಿ ಜಲಪಾತಕ್ಕೆ ಹೊರಟವರು. ಕಾವೇರಿ ಹೊಳೆಯ ಆಚೆ ಬದಿಯಲ್ಲಿ ಗಗನಚುಕ್ಕಿ. ಅದರ ಕೆಳಗಿನ ಕಣಿವೆಯಲ್ಲಿ, ಸುತ್ತಲ ಊರವರು ಇಂದಿಗೂ ‘ಬ್ಲಫ್’ ಎಂದೇ ಕರೆಯುವ ಶಿವನಸಮುದ್ರದ ವಿದ್ಯುದಾಗಾರ. 1902ರ ಜೂನ್‌ನಲ್ಲಿ ಇಲ್ಲಿಂದ ಹೊರಟ ಕರೆಂಟು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಕರ್ನಾಟಕದ ಸೋಲಾರ್ ಪ್ಯಾನೆಲ್ ಉದ್ಯಮ ಹೇಗೆ ಬೆಳೆಯಿತು, ಎಲ್ಲಿ ಎಡವಿತು, ಮುಂದೆ ಹೇಗೆ ನಿಂತೀತು ಎಂದು ತಿಳಿಯಬೇಕಾದವರು ಈ ಕಣಿವೆಯಿಂದಲೇ ಶುರು ಮಾಡುವುದು ಒಳ್ಳೆಯದು.

ಶಿವನಸಮುದ್ರವನ್ನು ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ ಎನ್ನುವವರಿದ್ದಾರೆ; ಆದರೆ ಡಾರ್ಜಿಲಿಂಗ್‌ನಲ್ಲಿ 1897ರಲ್ಲೇ ಒಂದು ಕೇಂದ್ರ ಇತ್ತು. ಶಿವನಸಮುದ್ರದ ನಿಜವಾದ ಹೆಚ್ಚುಗಾರಿಕೆ ಆ ಉದ್ದದ ತಂತಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆ ರೂಪಿಸಿದವರು ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ದೀಪ ಹತ್ತುವ ಮೊದಲೇ, 1901ರಲ್ಲಿ ದಿವಾನರು ತೀರಿಕೊಂಡರು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯದು, ಜನರೇಟರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಯಂತ್ರಗಳೆಲ್ಲ ಹೊರಗಿನವು. ನಮ್ಮದೆಂದರೆ ನೀರು, ಜಾಗ ಮತ್ತು ಖಚಿತ ಗಿರಾಕಿ. ಗಣಿಗಳು ವಿದ್ಯುತ್ ಕೊಳ್ಳಲು ಒಪ್ಪಂದ ಮಾಡಿಕೊಂಡಿದ್ದವು, ಆ ಭರವಸೆಯ ಮೇಲೆ ಮೈಸೂರು ಸರ್ಕಾರ ಹಣ ಹೂಡಿತು. ಬೇಸಿಗೆಯಲ್ಲಿ ಹೊಳೆ ಸೊರಗಿ ಕರೆಂಟು ಕೈಕೊಡುವಂತಾದಾಗ ನೀರು ಹಿಡಿದಿಡುವ ಜಲಾಶಯದ ಚಿಂತೆ ಹುಟ್ಟಿತು. ಕನ್ನಂಬಾಡಿ ಕಟ್ಟೆ ಎದ್ದ ಕಾರಣಗಳಲ್ಲಿ ಅದೂ ಒಂದು.

ಆದರೆ ಸತ್ತೇಗಾಲದ ಪಾಲಿಗೆ ಬಂದದ್ದೇನು? ಆಗ ಈ ಊರಿರುವ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಷ್ಟೇ ಅದು ಮೈಸೂರು ರಾಜ್ಯಕ್ಕೆ ಬಂದದ್ದು. ಕೋಲಾರದ ಗಣಿ ಬೆಳಗಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ಹೊಳೆಯ ಈ ದಡದವರು ಕಾದರು. ಹನೂರು ಕಡೆಯ ಕಾಡಂಚಿನವರು ಇನ್ನೂ ಹೆಚ್ಚು ಕಾದರು. ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ, ಮೆಂದಾರೆಯಂಥ ಊರುಗಳಲ್ಲಿ ರಸ್ತೆ, ಕರೆಂಟಿನಂಥ ಮೂಲಸೌಕರ್ಯಕ್ಕಾಗಿ ಮಡುಗಟ್ಟಿದ್ದ ಸಿಟ್ಟು 2024ರ ಲೋಕಸಭಾ ಚುನಾವಣೆಯ ದಿನ ಮತಗಟ್ಟೆಯಲ್ಲೇ ಸಿಡಿದು ನಾಡಿಗೆಲ್ಲ ಸುದ್ದಿಯಾಯಿತು. ತಂತಿ ಎಳೆಯಲಾಗದ ಇಂಥ ಊರುಗಳಿಗೆ ಬೆಳಕಿನ ಸುಲಭದ ದಾರಿ ಸೋಲಾರ್. ಆ ಪ್ಯಾನೆಲ್ ತಯಾರಿಸುವವರು ಯಾರು ಎಂಬ ಪ್ರಶ್ನೆ ಈ ಭಾಗದ ಜನಕ್ಕೆ ದೂರದ್ದಲ್ಲ.

ಕರ್ನಾಟಕದಲ್ಲಿ ಸೋಲಾರ್‌ನ ಮೊದಲ ಹೆಜ್ಜೆ ಮೂಡಿದ್ದು ಬಾಹ್ಯಾಕಾಶದ ಕೆಲಸದಲ್ಲಿ. 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾದ ‘ಆರ್ಯಭಟ’ ಉಪಗ್ರಹದ ಮೈತುಂಬ ಸೌರಕೋಶಗಳಿದ್ದವು. ಅವೂ ಸೋವಿಯತ್ ಒಕ್ಕೂಟದಿಂದ ಬಂದವು. ಎರಡು ವರ್ಷಗಳ ಬಳಿಕ, ಉತ್ತರ ಪ್ರದೇಶದ ಸಾಹಿಬಾಬಾದ್‌ನಲ್ಲಿರುವ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ದೇಶದ ಮೊದಲ ಸೌರಕೋಶ ತಯಾರಿಸಿತು. ಬೆಂಗಳೂರಿನಲ್ಲಿ ಬಿಎಚ್‌ಇಎಲ್ ಸಹ ಈ ಕೆಲಸಕ್ಕೆ ಕೈಹಾಕಿತು. 1989ರಲ್ಲಿ ಟಾಟಾ ಮತ್ತು ಬ್ರಿಟನ್ನಿನ ಬಿಪಿ ಸೇರಿ ಟಾಟಾ ಬಿಪಿ ಸೋಲಾರ್ ಕಟ್ಟಿದರು. ಎಲೆಕ್ಟ್ರಾನಿಕ್ಸ್ ಸಿಟಿಯ ಅದರ ಕಾರ್ಖಾನೆಯಿಂದ ಪ್ಯಾನೆಲ್‌ಗಳು ಹಳ್ಳಿಗೂ ಹೋದವು, ವಿದೇಶಕ್ಕೂ ಹೋದವು. ಬಿಪಿ ಹೊರನಡೆದ ಮೇಲೆ ಅದೇ ಟಾಟಾ ಪವರ್ ಸೋಲಾರ್ ಆಯಿತು.

ಇದೇ ಹೊತ್ತಿಗೆ ಕಾವೇರಿಯ ಕೆಳದಂಡೆಯಲ್ಲಿ ಇನ್ನೂ ದೊಡ್ಡ ಪ್ರಯತ್ನವೊಂದು ನಡೆದಿತ್ತು. ಪ್ಯಾನೆಲ್‌ನ ಮೂಲವಸ್ತು ಶುದ್ಧ ಸಿಲಿಕಾನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಎ.ಆರ್. ವಾಸುದೇವಮೂರ್ತಿ ಮತ್ತು ಸಂಗಡಿಗರು ಅದನ್ನು ಇಲ್ಲೇ ತಯಾರಿಸುವ ವಿಧಾನ ರೂಪಿಸಿದರು. 1980ರ ದಶಕದಲ್ಲಿ ಮೆಟ್ಟೂರಿನ ಮೆಟ್‌ಕೆಮ್ ಸಿಲಿಕಾನ್ ಕಂಪನಿ ಆ ತಂತ್ರಜ್ಞಾನ ನಂಬಿ ಕಾರ್ಖಾನೆ ಹಾಕಿತು. ಸತ್ತೇಗಾಲ ದಾಟಿ, ಹೊಗೇನಕಲ್ ಧುಮುಕಿ ಹೋಗುವ ಹೊಳೆ ಸೇರುವುದು ಅದೇ ಮೆಟ್ಟೂರು ಜಲಾಶಯಕ್ಕೆ. ದೇಶದ ಮಟ್ಟಿಗೆ ಅದು ದೊಡ್ಡ ಸಾಹಸ. ಆದರೆ ಕಾರ್ಖಾನೆಯ ಗಾತ್ರ ಚಿಕ್ಕದು; ಮುಂದೆ ಆ ತಯಾರಿಕೆ ಉಳಿಯಲಿಲ್ಲ. ಸಿಲಿಕಾನ್ ಶುದ್ಧೀಕರಣ ವಿಪರೀತ ಕರೆಂಟು ನುಂಗುವ ಕೆಲಸ. ಅಗ್ಗದ ವಿದ್ಯುತ್ ಮತ್ತು ದೊಡ್ಡ ಗಾತ್ರ ಎರಡೂ ಇದ್ದವರಿಗಷ್ಟೇ ಅದು ಕೈಹತ್ತುತ್ತದೆ. ಕೈಯಲ್ಲಿದ್ದ ವಿದ್ಯೆಯನ್ನು ನಾವು ಬೆಳೆಸಿಕೊಳ್ಳಲಿಲ್ಲ ಎಂಬ ನೋವು ಈ ಕಥೆಯಲ್ಲಿದೆ.

ವಿದ್ಯೆಯಷ್ಟೇ ಮುಖ್ಯವಾದ ಇನ್ನೊಂದು ಬಲ ನಂಬಿಕೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಶುರು ಮಾಡಿದ ಸೆಲ್ಕೋ ಪ್ಯಾನೆಲ್ ತಯಾರಿಸಲಿಲ್ಲ. ಟಾಟಾ ಬಿಪಿಯಿಂದ ಕೊಂಡು ಹಳ್ಳಿ ಮನೆಗಳಿಗೆ ಹಾಕಿತು. ಕೂಲಿಯವರು, ಬೀದಿ ವ್ಯಾಪಾರಿಗಳು ಕಂತಿನಲ್ಲಿ ಕಟ್ಟುವಂತೆ ಬ್ಯಾಂಕುಗಳನ್ನು ಒಪ್ಪಿಸಿತು, ಕೆಟ್ಟರೆ ರಿಪೇರಿಗೆ ಹತ್ತಿರದಲ್ಲೇ ಮೆಕ್ಯಾನಿಕ್ ಇಟ್ಟಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ನಡೆಸಿದ ಸೋಲಾರ್ ಸಾಲ ಯೋಜನೆ ಸುಮಾರು 20 ಸಾವಿರ ಮನೆಗಳನ್ನು ಮುಟ್ಟಿತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ಯಾನೆಲ್ ಯಾರದೇ ಆಗಿರಲಿ, ಮಾರಿದ ಮೇಲೂ ಬಂದು ನೋಡುವವನ ಹಿಂದೆ ಗಿರಾಕಿ ಹೋಗುತ್ತಾನೆ ಎಂಬುದನ್ನು ಈ ಕೆಲಸ ತೋರಿಸಿಕೊಟ್ಟಿತು.

ಬೆಂಗಳೂರಿನ ಎಮ್ವಿ ಕಂಪನಿಯ ದಾರಿ ಬೇರೆ. 1992ರಲ್ಲಿ ಡಿ.ವಿ. ಮಂಜುನಾಥ ಸೋಲಾರ್ ವಾಟರ್ ಹೀಟರ್‌ನಿಂದ ಆರಂಭಿಸಿದರು. ಬೆಂಗಳೂರಿನ ತಾರಸಿಗಳ ಮೇಲೆ ಬಿಸಿನೀರಿನ ಟ್ಯಾಂಕುಗಳು ಸಾಲುಗಟ್ಟಿದ ಕಾಲ ಅದು. ಅಲ್ಲಿ ಗಳಿಸಿದ ಹೆಸರು ಮತ್ತು ಅನುಭವದ ಮೇಲೆ 2007ರಲ್ಲಿ ವಿದ್ಯುತ್ ಪ್ಯಾನೆಲ್ ತಯಾರಿಕೆಗೆ ಇಳಿದರು. ಯುರೋಪಿಗೆ ರಫ್ತು ಮಾಡಿದರು, ಈಚೆಗೆ ದಾಬಸ್‌ಪೇಟೆಯಲ್ಲಿ ಸೆಲ್ (ಸೌರಕೋಶ) ತಯಾರಿಕೆಯನ್ನೂ ಹಿಡಿದರು. 2025ರ ನವೆಂಬರ್‌ನಲ್ಲಿ ಕಂಪನಿ ಷೇರುಪೇಟೆಗೆ ಬಂತು.

ಇವರೆಲ್ಲರ ನಡುವೆ ಚೀನಾ ಎಂಬ ಮಹಾಪೂರ ನುಗ್ಗಿತು. 2010ರಿಂದ ಹತ್ತು ವರ್ಷಗಳಲ್ಲಿ ಪ್ಯಾನೆಲ್ ಬೆಲೆ ನೂರರಲ್ಲಿ ತೊಂಬತ್ತರಷ್ಟು ಇಳಿಯಿತು. ಸಿಲಿಕಾನ್, ಅದರ ತೆಳು ಬಿಲ್ಲೆಯಾದ ವೇಫರ್, ಸೆಲ್, ಪ್ಯಾನೆಲ್ ಎಂಬ ಪ್ರತಿ ಹಂತದಲ್ಲೂ ಜಗತ್ತಿನ ಸಾಮರ್ಥ್ಯದ ಶೇ 80ಕ್ಕಿಂತ ಹೆಚ್ಚು ಚೀನಾದ ಪಾಲಾಯಿತು. ದೆಹಲಿ ಸುತ್ತಲಿನ ಮೋಸರ್ ಬೇರ್, ಇಂಡೋಸೋಲಾರ್‌ನಂಥ ಕಂಪನಿಗಳು ದಿವಾಳಿಯಾದವು. 2,050 ಮೆಗಾವ್ಯಾಟ್‌ನ ಪಾವಗಡ ಸೋಲಾರ್ ಪಾರ್ಕ್ ಎದ್ದದ್ದು ಇದೇ ಅಗ್ಗದ ಬೆಲೆಯ ಕಾಲದಲ್ಲಿ. ಶಿವನಸಮುದ್ರದ ಇಂದಿನ ಸಾಮರ್ಥ್ಯ 42 ಮೆಗಾವ್ಯಾಟ್. ಬಿಸಿಲಿನ ಕರೆಂಟು ಅಷ್ಟರಮಟ್ಟಿಗೆ ಬೆಳೆಯಿತು, ತಯಾರಿಕೆ ಮಾತ್ರ ಅದೇ ವೇಗದಲ್ಲಿ ಬೆಳೆಯಲಿಲ್ಲ. ಆಮೇಲೆ ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಆಮದು ಪ್ಯಾನೆಲ್ ಮೇಲೆ ಶೇ 40, ಸೆಲ್ ಮೇಲೆ ಶೇ 25 ಸುಂಕ ಹಾಕಿತು. ಅನುಮೋದಿತ ತಯಾರಕರ ಪಟ್ಟಿ ಮಾಡಿತು, ಪ್ರೋತ್ಸಾಹಧನ ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ದೇಶದ ಪ್ಯಾನೆಲ್ ಸಾಮರ್ಥ್ಯ 100 ಗಿಗಾವ್ಯಾಟ್ ದಾಟಿತು. ಸೆಲ್ ಸಾಮರ್ಥ್ಯ ಅದಕ್ಕಿಂತ ಬಹಳ ಕಡಿಮೆ. ವೇಫರ್ ಇನ್ನೂ ಕಡಿಮೆ.

ಈ ಅಂತರದ ಅರ್ಥ ತಿಳಿಯಲು ಕಾರ್ಖಾನೆಯ ಒಂದು ಸಾಲನ್ನು ಗಮನಿಸಿದರೆ ಸಾಕು. ತೆಳ್ಳನೆ ಸೆಲ್‌ಗಳನ್ನು ಯಂತ್ರ ತಾಮ್ರದ ಎಳೆಗಳಿಂದ ಬೆಸೆದು ಸರ ಮಾಡುತ್ತದೆ. ಸರಗಳನ್ನು ಗಾಜಿನ ಮೇಲೆ ಹಾಸಿ, ಮೇಲೆ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಟ್ಟು, ಸುಮಾರು 150 ಡಿಗ್ರಿ ಶಾಖದಲ್ಲಿ ನಿರ್ವಾತ ಒತ್ತಡ ಕೊಟ್ಟು ಒಂದೇ ಹಲಗೆಯಾಗಿ ಅಂಟಿಸುತ್ತಾರೆ. ಸುತ್ತ ಅಲ್ಯೂಮಿನಿಯಂ ಚೌಕಟ್ಟು, ಹಿಂಬದಿಗೆ ಜಂಕ್ಷನ್ ಬಾಕ್ಸ್. ಕೊನೆಗೆ ಕೃತಕ ಬಿಸಿಲಿನ ಒಂದು ಮಿಂಚು ಹಾಯಿಸಿ ಎಷ್ಟು ವ್ಯಾಟ್ ಎಂದು ಅಳೆದು ಲೇಬಲ್ ಅಂಟಿಸುತ್ತಾರೆ. ಕರೆಂಟು ಹರಿಸಿ ಕ್ಯಾಮೆರಾದಲ್ಲಿ ನೋಡಿದರೆ ಕಣ್ಣಿಗೆ ಕಾಣದ ಬಿರುಕುಗಳೂ ಕಪ್ಪು ಗೆರೆಗಳಾಗಿ ತೋರುತ್ತವೆ. ಇದು ಜೋಡಣೆಯ ಕೆಲಸ. ಯಂತ್ರ ಕೊಂಡವರೆಲ್ಲ ಇದನ್ನು ಕಲಿಯಬಲ್ಲರು. ಎರವಲು ಹಿಟ್ಟಿನಲ್ಲಿ ರೊಟ್ಟಿ ತಟ್ಟುವವರ ಹಾಗೆ, ಸೆಲ್ ಹೊರಗಿನಿಂದ ತರುವ ತನಕ ಬೆಲೆಯ ಲಗಾಮು ಬೇರೆಯವರ ಕೈಯಲ್ಲೇ. ಆಮದು ಸುಂಕ ಕಾಲಾವಕಾಶ ಕೊಡುತ್ತದೆ, ವಿದ್ಯೆ ಕೊಡುವುದಿಲ್ಲ. 2026ರ ಜೂನ್ 1ರಿಂದ ಸೆಲ್‌ಗೂ ಅನುಮೋದಿತ ಪಟ್ಟಿ ಅನ್ವಯ ಎಂದು ಕೇಂದ್ರ ನಿಗದಿ ಮಾಡಿರುವುದು ಆ ಕಾರಣಕ್ಕೇ ಸರಿಯಾದ ಹೆಜ್ಜೆ.

ಸುಸ್ಥಿರತೆಯ ಪ್ರಶ್ನೆಯೂ ಇಲ್ಲೇ ಕೂಡಿಕೊಳ್ಳುತ್ತದೆ. ಕಲ್ಲಿದ್ದಲು ಸುಟ್ಟು ಸಿಲಿಕಾನ್ ಕರಗಿಸಿದರೆ ಪ್ಯಾನೆಲ್ ಹುಟ್ಟುವಾಗಲೇ ಹೊಗೆಯ ಸಾಲ ಹೊತ್ತಿರುತ್ತದೆ. ನೀರು, ಗಾಳಿ, ಬಿಸಿಲಿನ ವಿದ್ಯುತ್ ಹೇರಳವಾಗಿರುವ ಕರ್ನಾಟಕದಲ್ಲಿ ಶುದ್ಧ ಕರೆಂಟಿನಿಂದಲೇ ಪ್ಯಾನೆಲ್ ತಯಾರಿಸುವ ಕಂಪನಿಗೆ ಪರಿಸರದ ಲೆಕ್ಕ ಕೇಳುವ ಯುರೋಪಿನಂಥ ಮಾರುಕಟ್ಟೆಯಲ್ಲಿ ಅದೇ ಬಂಡವಾಳ. ಇನ್ನೊಂದು ತುದಿಯಲ್ಲಿ ಕಸ. 2050ರ ಹೊತ್ತಿಗೆ ಜಗತ್ತಿನಲ್ಲಿ ಹಳೇ ಪ್ಯಾನೆಲ್‌ಗಳ ರಾಶಿ 7.8 ಕೋಟಿ ಟನ್ ಮುಟ್ಟಬಹುದು ಎಂದು ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ 2016ರಲ್ಲೇ ಅಂದಾಜಿಸಿತ್ತು. ನಮ್ಮ 2022ರ ಇ-ತ್ಯಾಜ್ಯ ನಿಯಮಗಳು ಪ್ಯಾನೆಲ್‌ಗಳನ್ನೂ ಒಳಗೊಂಡಿವೆ. ಸದ್ಯಕ್ಕೆ ತಯಾರಕರು 2034-35ರವರೆಗೆ ಆ ತ್ಯಾಜ್ಯವನ್ನು ಶೇಖರಿಸಿ ಇಡಬೇಕು. ಗಾಜು, ಅಲ್ಯೂಮಿನಿಯಂ, ಬೆಳ್ಳಿ, ಸಿಲಿಕಾನ್‌ಗಳನ್ನು ಮರಳಿ ತೆಗೆಯುವ ವಿದ್ಯೆ ಈಗಲೇ ಕಲಿತವರಿಗೆ ನಾಳೆ ಅದೇ ಕಚ್ಚಾವಸ್ತು.

ಶಿವನಸಮುದ್ರ ಶತಮಾನ ದಾಟಿ ಬಾಳಿದ್ದಕ್ಕೆ ಖಚಿತ ಗಿರಾಕಿ, ಕಾಪಿಟ್ಟ ನೀರು, ಬಿಡದ ದುರಸ್ತಿ ಕಾರಣ. ಪ್ಯಾನೆಲ್ ಕಂಪನಿಗೂ ಅಗ್ಗದ ಬೆಲೆಯೊಂದೇ ಬಹುಕಾಲದ ಬಲವಲ್ಲ. ಪ್ಯಾನೆಲ್‌ಗೆ 25 ವರ್ಷದ ಖಾತರಿ ಬರೆದುಕೊಡುವವರು 25 ವರ್ಷ ಬದುಕಿರಬೇಕು. ಆದ್ದರಿಂದ ಪಿಎಂ ಸೂರ್ಯಘರ್‌ನ ಸಹಾಯಧನ ಪಡೆದು ತಾರಸಿಗೆ ಪ್ಯಾನೆಲ್ ಹಾಕಿಸುವ ಕೊಳ್ಳೇಗಾಲ, ಹನೂರು, ಯಳಂದೂರಿನ ಓದುಗರು ಹಣ ಕಟ್ಟುವ ಮೊದಲು ಮೂರು ಮಾತು ಕೇಳಿ: ಸೆಲ್ ಎಲ್ಲಿ ತಯಾರಾದದ್ದು, ಕೆಟ್ಟರೆ ಬರುವ ಮೆಕ್ಯಾನಿಕ್ ಯಾವ ಊರಿನಲ್ಲಿದ್ದಾನೆ, ಹಳತಾದ ಮೇಲೆ ವಾಪಸ್ ಒಯ್ಯುವವರು ಯಾರು. ಮೂರಕ್ಕೂ ನೇರ ಉತ್ತರ ಕೊಟ್ಟವರಿಂದಲೇ ಕೊಳ್ಳಿ.