ಡಬ್ಬಿ ಮೇಲಿನ ಹರ್ಟ್ಜ್, ಜೇಬಿನೊಳಗಿನ ರೂಪಾಯಿ

ಊರು ಬಿಟ್ಟು ಬಂದವರಿಗೆ ಸಂಜೆಯ ಕಟ್ಟೆ ಇಲ್ಲ. ಬೇಲಾಪುರದಲ್ಲಿ ಹಾರ್ಬರ್ ಲೈನಿನ ಲೋಕಲ್ ಇಳಿದು ಮನೆ ಸೇರುವ ಹೊತ್ತಿಗೆ ಗಂಟೆ ಎಂಟೂವರೆ. ಪಕ್ಕದ ಮನೆಯವರ ಹೆಸರು ಗೊತ್ತಾಗುವಷ್ಟರಲ್ಲಿ ಬಾಡಿಗೆ ಕರಾರಿನ ಹನ್ನೊಂದು ತಿಂಗಳು ಮುಗಿದಿರುತ್ತದೆ. ಹೀಗಾಗಿ ನಮ್ಮಂಥ ಅನೇಕರ ಕಟ್ಟೆ ಈಗ ಕಂಪ್ಯೂಟರಿನೊಳಗಿದೆ. ವ್ಯಾಲೊರಂಟ್ ಆಟಕ್ಕೆ ಒಂದು ತಂಡದಲ್ಲಿ ಐದು ಮಂದಿ ಬೇಕು. ನಮ್ಮ ಐವರಲ್ಲಿ ಒಬ್ಬ ಪುಣೆ, ಒಬ್ಬ ಚೆನ್ನೈ, ಇಬ್ಬರು ಹುಬ್ಬಳ್ಳಿ, ನಾನು ಬೇಲಾಪುರ. ವಾರವಿಡೀ ಇಂಗ್ಲಿಷ್, ಹಿಂದಿ, ಮುರುಕು ಮರಾಠಿಯಲ್ಲಿ ದಿನ ತೆಗೆದವರಿಗೆ ಶನಿವಾರ ರಾತ್ರಿ ಹೆಡ್‌ಫೋನಿನಲ್ಲಿ "ಲೇ, ಎಡಕ್ಕ ಒಬ್ಬ ಅದಾನ ನೋಡಲೇ" ಎಂದು ಕೇಳಿದರೆ ಸಾಕು, ಮನಸ್ಸು ಹಗುರಾಗುತ್ತದೆ.

ಇಂಥ ಕಟ್ಟೆಗೆ ಹೊಸದಾಗಿ ಬಂದು ಕೂರುವ ಹುಡುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಅಣ್ಣಾ, ಕಡಿಮೆ ರೇಟಿನಾಗ ಗೇಮಿಂಗಿಗೆ ಚಲೋ ಮಾನಿಟರ್ ಯಾವುದು?" ಕೇಳುವವರು ಹೆಚ್ಚಾಗಿ ಕೆಲಸಕ್ಕೆ ಸೇರಿ ವರ್ಷ ಆಗಿರದವರು. ಮೂವರು ಸೇರಿ ಹಿಡಿದ ಮನೆಯ ಬಾಡಿಗೆ, ಅದರ ಡೆಪಾಸಿಟ್ಟು, ತಿಂಗಳ ಮೊದಲ ವಾರ ಊರಿಗೆ ಕಳಿಸಬೇಕಾದ ದುಡ್ಡು ಎಲ್ಲ ಅದೇ ಸಂಬಳದಲ್ಲಿ. ಹತ್ತು ಸಾವಿರದ ಮಾನಿಟರಿಗೂ ಇಪ್ಪತ್ತೈದು ಸಾವಿರದ ಮಾನಿಟರಿಗೂ ನಡುವೆ ಇರುವ ಅಂತರ ಅವರ ಪಾಲಿಗೆ ಒಂದು ತಿಂಗಳ ಬಾಡಿಗೆ. ಆದ್ದರಿಂದ ಮಾದರಿ ಸಂಖ್ಯೆ ಹೇಳಿ ಕೈತೊಳೆದುಕೊಳ್ಳುವ ಬದಲು ಲೆಕ್ಕ ಹಾಕುವ ಬಗೆಯನ್ನು ಹೇಳುವುದು ಮೇಲು. ಮಾದರಿಗಳು ಆರು ತಿಂಗಳಿಗೆ ಬದಲಾಗುತ್ತವೆ, ಲೆಕ್ಕ ಬದಲಾಗುವುದಿಲ್ಲ.

ಹರ್ಟ್ಜ್ ಎಂದರೆ ಎಷ್ಟು?

ಮಾನಿಟರ್ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದೇ ರಿಫ್ರೆಶ್ ರೇಟ್. 60 ಹರ್ಟ್ಜ್ ಮಾನಿಟರಿನಲ್ಲಿ ಒಂದು ಚಿತ್ರ ತೆರೆಯ ಮೇಲೆ 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 144 ಹರ್ಟ್ಜ್‌ಗೆ ಹೋದರೆ 6.9, 180ಕ್ಕೆ 5.6, 240ಕ್ಕೆ 4.2, 360ಕ್ಕೆ 2.8. ಗೋಡೆಯ ಮರೆಯಿಂದ ಎದುರಾಳಿ ಓಡಿ ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆ ಹೊತ್ತಿನಲ್ಲಿ ಹೆಚ್ಚು ಚಿತ್ರ ಕಂಡವನಿಗೆ ಗುರಿ ಹಿಡಿಯುವುದು ಸುಲಭ. ಸೈಕಲ್ ಆಟ, ಕಾರ್ ಆಟ, ಕ್ರಿಕೆಟ್ ಆಟಕ್ಕಿಂತ ಗುಂಡು ಹಾರಿಸುವ ಆಟಗಳಿಗೆ ಈ ಸಂಖ್ಯೆ ಮುಖ್ಯವಾಗುವುದು ಇದಕ್ಕೇ.

ಈಗ ಕಳೆಯುವ ಲೆಕ್ಕ ಮಾಡಿ. 60ರಿಂದ 144ಕ್ಕೆ ಏರಿದರೆ ಪ್ರತಿ ಚಿತ್ರಕ್ಕೆ ಸುಮಾರು 9.7 ಮಿಲಿಸೆಕೆಂಡ್ ಉಳಿತಾಯ. 144ರಿಂದ 240ಕ್ಕೆ ಏರಿದರೆ 2.8 ಮಾತ್ರ. 240ರಿಂದ 360ಕ್ಕೆ ಬರೀ 1.4. ಮೊದಲ ಮೆಟ್ಟಿಲು ಅಗ್ಗ, ಲಾಭ ದೊಡ್ಡದು. ಮುಂದಿನ ಮೆಟ್ಟಿಲುಗಳು ದುಬಾರಿ, ಲಾಭ ಸಣ್ಣದು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಬಹುಮಾನದ ಹಣಕ್ಕೆ ಆಡುವವರಿಗೆ ಆ ಎರಡು-ಮೂರು ಮಿಲಿಸೆಕೆಂಡಿನ ಬೆಲೆ ಬೇರೆ. ಶನಿವಾರದ ಆಟಕ್ಕೆ 144ರಿಂದ 180ರ ನಡುವಿನದು ಧಾರಾಳವಾಯಿತು.

ನನ್ನ ವಯಸ್ಸಿನವರಿಗೆ ಇದರಲ್ಲೊಂದು ತಮಾಷೆಯೂ ಇದೆ. 2003ರಲ್ಲಿ ಬಂದ ಕೌಂಟರ್ ಸ್ಟ್ರೈಕ್ 1.6 ಅನ್ನು ಕಾಲೇಜು ಹಾಸ್ಟೆಲಿನ ಲ್ಯಾನಿನಲ್ಲಿ ಆಡಿದವರು ಕೂರುತ್ತಿದ್ದದ್ದು ಹೊಟ್ಟೆ ಮುಂದೆ ಬಂದ ಸಿಆರ್‌ಟಿ ಮಾನಿಟರ್ ಎದುರು. ಆ ಗಾಜಿನ ಗುಡಾಣಗಳಲ್ಲಿ ಎಷ್ಟೋ 85 ಹರ್ಟ್ಜ್‌ನಲ್ಲಿ ಓಡುತ್ತಿದ್ದವು, ಚಲಿಸುವ ಚಿತ್ರದ ಹಿಂದೆ ಮಸುಕೂ ಕಾಣುತ್ತಿರಲಿಲ್ಲ. ಆಮೇಲೆ ತೆಳ್ಳಗಿನ ಎಲ್‌ಸಿಡಿ ಬಂತು, ಮೇಜಿನ ಮೇಲೆ ಜಾಗ ಉಳಿಯಿತು, ವೇಗ 60ಕ್ಕೆ ಇಳಿಯಿತು. ಈಗ 'ಗೇಮಿಂಗ್' ಎಂಬ ಹೆಸರಿನಲ್ಲಿ ನಾವು ಕೊಳ್ಳುತ್ತಿರುವುದರಲ್ಲಿ ಒಂದು ಪಾಲು ಅಂದು ಕಳೆದುಕೊಂಡದ್ದೇ.

ಮೊದಲು ಕಂಪ್ಯೂಟರನ್ನು ಕೇಳಿ

ಮಾನಿಟರ್ ತಟ್ಟೆ ಇದ್ದ ಹಾಗೆ, ಬಡಿಸುವುದು ಕಂಪ್ಯೂಟರ್. ಸೆಕೆಂಡಿಗೆ 70 ಚಿತ್ರ ಬಡಿಸುವ ಯಂತ್ರದ ಮುಂದೆ 240 ಹರ್ಟ್ಜ್ ತಟ್ಟೆ ಇಟ್ಟರೆ ತಟ್ಟೆ ಖಾಲಿಯೇ ಇರುತ್ತದೆ. ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಅಳತೆ ಮಾಡಿ. ವ್ಯಾಲೊರಂಟ್‌ನ ಸೆಟ್ಟಿಂಗ್ಸ್‌ನಲ್ಲಿ ವಿಡಿಯೋ ವಿಭಾಗದ ಸ್ಟ್ಯಾಟ್ಸ್‌ಗೆ ಹೋಗಿ ಕ್ಲೈಂಟ್ ಎಫ್‌ಪಿಎಸ್ ಆನ್ ಮಾಡಿದರೆ ಸಂಖ್ಯೆ ತೆರೆಯ ಮೇಲೇ ಕಾಣುತ್ತದೆ. ಖಾಲಿ ಮೈದಾನದಲ್ಲಿ ಕಾಣುವ ದೊಡ್ಡ ಸಂಖ್ಯೆ ನಂಬಬೇಡಿ. ಹೊಗೆ, ಗ್ರೆನೇಡು, ಹತ್ತು ಮಂದಿ ಒಂದೇ ಕಡೆ ಸೇರಿದಾಗ ಸಂಖ್ಯೆ ಎಲ್ಲಿಗೆ ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ಮಾನಿಟರ್ ಆರಿಸಬೇಕಾದ್ದು ಆ ಕನಿಷ್ಠ ಸಂಖ್ಯೆಯನ್ನು ಇಟ್ಟುಕೊಂಡು.

ವ್ಯಾಲೊರಂಟ್ ಹಗುರವಾದ ಆಟ, ಸಾಧಾರಣ ಗ್ರಾಫಿಕ್ಸ್ ಕಾರ್ಡಿನಲ್ಲೂ ನೂರು ದಾಟುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬಂದ ಕೌಂಟರ್ ಸ್ಟ್ರೈಕ್ 2 ಹಾಗಲ್ಲ, ಹಳೆಯ ಯಂತ್ರಗಳನ್ನು ಬೆವರಿಳಿಸುತ್ತದೆ. ಕನಿಷ್ಠ ಸಂಖ್ಯೆ 60ರಿಂದ 90ರ ಒಳಗೇ ಇದ್ದರೆ ದುಬಾರಿ ಮಾನಿಟರಿನ ದುಡ್ಡನ್ನು ರ‍್ಯಾಮ್‌ಗೋ ಗ್ರಾಫಿಕ್ಸ್ ಕಾರ್ಡಿಗೋ ಎತ್ತಿಡಿ. 100 ಹರ್ಟ್ಜ್‌ನ ಕಚೇರಿ ದರ್ಜೆಯ ಮಾನಿಟರುಗಳು ಈಗ ಏಳೆಂಟು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ, ಅಲ್ಲಿಯವರೆಗೆ ಅದೇ ಸಾಕು. ಕನಿಷ್ಠ ಸಂಖ್ಯೆ 120 ದಾಟಿದರೆ ಮಾತ್ರ 144 ಅಥವಾ 180 ಹರ್ಟ್ಜ್‌ಗೆ ಅರ್ಥ ಬರುತ್ತದೆ.

ಕಂಪ್ಯೂಟರ್ ಕೊಡುವ ಚಿತ್ರಗಳ ಸಂಖ್ಯೆ ಏರಿಳಿಯುವಾಗ ತೆರೆ ಹರಿದಂತೆ ಕಾಣುವುದುಂಟು. ಅದನ್ನು ತಡೆಯಲು ಮಾನಿಟರ್ ತನ್ನ ವೇಗವನ್ನೇ ಕಂಪ್ಯೂಟರಿಗೆ ಹೊಂದಿಸಿಕೊಳ್ಳುವ ವ್ಯವಸ್ಥೆಗೆ ಎಎಂಡಿಯವರು ಫ್ರೀಸಿಂಕ್ ಎನ್ನುತ್ತಾರೆ, ಎನ್‌ವಿಡಿಯಾದವರು ಜಿ-ಸಿಂಕ್ ಎನ್ನುತ್ತಾರೆ. 2019ರಿಂದ ಎನ್‌ವಿಡಿಯಾ ಕಾರ್ಡುಗಳೂ ಅನೇಕ ಫ್ರೀಸಿಂಕ್ ಮಾನಿಟರುಗಳ ಜೊತೆ ಹೊಂದಿಕೊಳ್ಳುತ್ತವೆ. ಹಾಗಾಗಿ ಜಿ-ಸಿಂಕ್‌ನ ವಿಶೇಷ ಚಿಪ್ ಇರುವ ದುಬಾರಿ ಮಾನಿಟರೇ ಬೇಕೆಂದಿಲ್ಲ.

ಒಂದು ಮಿಲಿಸೆಕೆಂಡಿನ ಮಾಯೆ

ಡಬ್ಬಿ ಮೇಲೆ '1 ಎಂಎಸ್' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಇದರಲ್ಲಿ ಎರಡು ಜಾತಿ. 'ಜಿಟಿಜಿ' ಎಂದಿದ್ದರೆ ಒಂದು ಚುಕ್ಕೆ ಒಂದು ಬೂದು ಬಣ್ಣದಿಂದ ಇನ್ನೊಂದಕ್ಕೆ ಬದಲಾಗುವ ಸಮಯ. ಅದನ್ನೂ ಕಂಪನಿಯವರು ತಮಗೆ ಅನುಕೂಲವಾದ ಅತಿ ವೇಗದ ಸೆಟ್ಟಿಂಗಿನಲ್ಲಿ ಅಳೆದಿರುತ್ತಾರೆ. ಆ ಸೆಟ್ಟಿಂಗ್ ಹಾಕಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳನೆ ನೆರಳು ಕಾಣುತ್ತದೆ, ಮಧ್ಯಮ ಸೆಟ್ಟಿಂಗೇ ಒಳ್ಳೆಯದು. 'ಎಂಪಿಆರ್‌ಟಿ' ಎಂದಿದ್ದರೆ ಹಿಂಬೆಳಕನ್ನು ಪಟಪಟನೆ ಆರಿಸಿ ಹೊತ್ತಿಸಿ ಮಸುಕು ಕಡಿಮೆ ಮಾಡುವ ಉಪಾಯ. ಅದನ್ನು ಹಾಕಿದಾಗ ತೆರೆಯ ಬೆಳಕು ಕುಗ್ಗುತ್ತದೆ, ಕೆಲವರಿಗೆ ಕಣ್ಣುರಿ, ತಲೆನೋವೂ ಬರುತ್ತದೆ.

ಸಂಖ್ಯೆಗಿಂತ ತೆರೆಯ ಜಾತಿ ನೋಡಿ. ಟಿಎನ್ ಹಳೆಯದು. ವೇಗ ಇದೆ, ಆದರೆ ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಕೆಡುತ್ತದೆ. ವಿಎ ತೆರೆಯಲ್ಲಿ ಕಪ್ಪು ಗಾಢವಾಗಿರುತ್ತದೆ, ಸಿನಿಮಾಕ್ಕೆ ಚೆಂದ. ಅಗ್ಗದ ವಿಎ ತೆರೆಗಳಲ್ಲಿ ಮಾತ್ರ ಕತ್ತಲ ಮೂಲೆಯಿಂದ ಎದುರಾಳಿ ಹೊರಬರುವಾಗ ಕಪ್ಪು ಮಸಿ ಬಳಿದಂತೆ ಕಲೆ ಎಳೆಯುತ್ತದೆ, ಅವನು ನಿಮಗೆ ಕಾಣಬೇಕಾದ್ದೇ ಆ ಕ್ಷಣದಲ್ಲಿ. ಐಪಿಎಸ್ ಇವೆರಡರ ನಡುವಿನ ನಂಬಿಕಸ್ಥ. ಬಾಗಿದ ತೆರೆಯ ಅಗ್ಗದ ಮಾನಿಟರುಗಳಲ್ಲಿ ಬಹುಪಾಲು ವಿಎ ಇರುವುದರಿಂದ ಬಾಗು ನೋಡಿ ಮರುಳಾಗಬೇಡಿ. ಎಚ್‌ಡಿಆರ್ ಎಂಬ ಚೀಟಿಗೂ ಈ ಬೆಲೆಯಲ್ಲಿ ಹೆಚ್ಚು ಅರ್ಥವಿಲ್ಲ. 250-300 ನಿಟ್ಸ್ ಬೆಳಕಿನ ತೆರೆಯಲ್ಲಿ ಅದನ್ನು ಹಾಕಿದರೆ ಬಣ್ಣ ಬೂದಿ ಮುಚ್ಚಿದಂತಾಗುವುದೇ ಹೆಚ್ಚು.

ಮೇಜು ಒಂದೇ, ಕೆಲಸ ಎರಡು

ನವಿ ಮುಂಬೈಯ ಒಂದು ಬೆಡ್‌ರೂಮಿನ ಮನೆಯಲ್ಲಿ ಆಟಕ್ಕೆ ಬೇರೆ ಮೇಜು ಇಡಲಾಗದು. ಹಗಲು ಕಚೇರಿಯ ಲ್ಯಾಪ್‌ಟಾಪ್ ಸಿಕ್ಕಿಸುವ ಮಾನಿಟರಿಗೇ ರಾತ್ರಿ ಆಟದ ಕಂಪ್ಯೂಟರ್ ಸಿಕ್ಕಿಸಬೇಕು. ಆದ್ದರಿಂದ ಅಕ್ಷರವೂ ಸ್ಪಷ್ಟವಾಗಿ ಕಾಣಬೇಕು. 24 ಅಂಗುಲದ ತೆರೆಯಲ್ಲಿ 1080ಪಿ ಇದ್ದರೆ ಅಂಗುಲಕ್ಕೆ ಸುಮಾರು 92 ಚುಕ್ಕೆ. ಅದೇ 1080ಪಿ 27 ಅಂಗುಲಕ್ಕೆ ಹಿಗ್ಗಿದರೆ 82ಕ್ಕೆ ಇಳಿದು ಅಕ್ಷರದ ಅಂಚು ಒಡೆದಂತೆ ಕಾಣುತ್ತದೆ. 27 ಅಂಗುಲಕ್ಕೆ 1440ಪಿ ಸರಿ. ಆದರೆ ಅದರಲ್ಲಿ ಚುಕ್ಕೆಗಳು 20.7 ಲಕ್ಷದಿಂದ 36.9 ಲಕ್ಷಕ್ಕೆ ಏರುತ್ತವೆ, ಗ್ರಾಫಿಕ್ಸ್ ಕಾರ್ಡಿನ ಮೇಲಿನ ಹೊರೆಯೂ ಏರುತ್ತದೆ. ಮೇಜಿನ ಆಳ ಎರಡಡಿ ಇರುವ ಮನೆಯಲ್ಲಿ 24 ಅಂಗುಲದ ತೆರೆ ಒಂದೇ ನೋಟಕ್ಕೆ ಪೂರ್ತಿ ದಕ್ಕುತ್ತದೆ. ಈ ಆಟಗಳ ವೃತ್ತಿಪರ ಪಂದ್ಯಗಳಲ್ಲೂ ಆಟಗಾರರ ಮುಂದಿರುವುದು 24-25 ಅಂಗುಲದ ತೆರೆಗಳೇ.

ಅಗ್ಗದ ಮಾನಿಟರುಗಳಲ್ಲಿ ಕಂಪನಿಗಳು ಮೊದಲು ಕತ್ತರಿ ಹಾಕುವುದು ಸ್ಟ್ಯಾಂಡಿಗೆ. ಎತ್ತರ ಏರಿಸಲಾಗದ ಸ್ಟ್ಯಾಂಡ್ ಇದ್ದರೆ ದಪ್ಪ ಪುಸ್ತಕ ಅಡಿಗಿಟ್ಟರೂ ಆಯಿತು. ಹಿಂಬದಿಯಲ್ಲಿ ವೆಸಾ ತೂತುಗಳಿವೆಯೇ ಎಂದು ಮಾತ್ರ ನೋಡಿಕೊಳ್ಳಿ. ಮುಂದೆ ಮೇಜಿನ ಅಂಚಿಗೆ ಕಚ್ಚಿಸುವ ತೋಳು ಹಾಕಬಹುದು. ಗೋಡೆಗೆ ಮೊಳೆ ಹೊಡೆದು ಡೆಪಾಸಿಟ್ಟಿನಲ್ಲಿ ಕಡಿತ ಮಾಡಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಎಲ್ಲಿ ಕೊಳ್ಳುವುದು?

ಮುಂಬೈಯವರಿಗೆ ಲ್ಯಾಮಿಂಗ್ಟನ್ ರಸ್ತೆ ಗೊತ್ತೇ ಇದೆ. ಬೇಲಾಪುರದಿಂದ ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿಂದ ದಾದರ್, ಅಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರ್ಯಾಂಟ್ ರೋಡ್ ಸ್ಟೇಷನ್. ಭಾನುವಾರ ಬೇಡ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಮೆಗಾಬ್ಲಾಕ್ ಕಾಟ ಬೇರೆ. ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ದಿಲ್ಲಿಯವರಿಗೆ ನೆಹರೂ ಪ್ಲೇಸ್, ಹೈದರಾಬಾದಿನವರಿಗೆ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ರಜೆಗೆ ಬಂದಾಗ ಬೆಂಗಳೂರಿನ ಎಸ್‌ಪಿ ರಸ್ತೆ ಇದ್ದೇ ಇದೆ. ಅಂಗಡಿಯ ಲಾಭ ಎಂದರೆ ಡಬ್ಬಿ ತೆಗೆಸಿ, ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪೂರ್ತಿ ತೆರೆಗೆ ಹಾಕಿಸಿ ಸತ್ತ ಚುಕ್ಕೆ ಇದೆಯೇ ಎಂದು ಅಲ್ಲೇ ನೋಡಬಹುದು. ಒಂದೆರಡು ಚುಕ್ಕೆಗೆ ಅನೇಕ ಕಂಪನಿಗಳು ಬದಲಿಸಿ ಕೊಡುವುದಿಲ್ಲ, ವಾರಂಟಿ ಷರತ್ತು ಓದಿಕೊಳ್ಳಿ. ಆನ್‌ಲೈನಿನಲ್ಲಿ ಹಬ್ಬದ ಸೇಲ್ ಹೊತ್ತಿಗೆ ಬೆಲೆ ಇಳಿಯುತ್ತದೆ. ಆಗ ತರಿಸಿದವರು ಡಬ್ಬಿ ಒಡೆಯುವಾಗ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ.

ಎಲ್‌ಜಿ ಅಲ್ಟ್ರಾಗೇರ್, ಏಸರ್ ನೈಟ್ರೋ, ಎಂಎಸ್‌ಐ, ಎಒಸಿ, ಗಿಗಾಬೈಟ್, ವ್ಯೂಸಾನಿಕ್‌ನಂಥ ಹೆಸರುಗಳಲ್ಲಿ 24 ಅಂಗುಲ, ಐಪಿಎಸ್, 144ರಿಂದ 180 ಹರ್ಟ್ಜ್‌ನ ಮಾನಿಟರುಗಳು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ಸಾವಿರದ ಆಚೀಚೆ ಸಿಗುತ್ತವೆ. ಇವುಗಳ ನಡುವೆ ಗೊಂದಲವಾದರೆ ನಿಮ್ಮ ಪಿನ್‌ಕೋಡಿಗೆ ಯಾವ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರ, ಯಾರು ಮೂರು ವರ್ಷದ ವಾರಂಟಿ ಕೊಡುತ್ತಾರೆ ಎಂಬುದರ ಮೇಲೆ ತೀರ್ಮಾನಿಸಿ. ಹೆಸರೇ ಕೇಳಿರದ ಬ್ರ್ಯಾಂಡ್ ಆದರೆ ಹಿಂಬದಿಯಲ್ಲಿ 'ಆರ್-' ಎಂದು ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಹುಡುಕಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

'ನೋ ಕಾಸ್ಟ್ ಇಎಂಐ' ಎಂಬ ಮಾತಿಗೂ ಒಂದು ಅಡಿಟಿಪ್ಪಣಿ ಇರುತ್ತದೆ. ಬಡ್ಡಿಯಷ್ಟು ರಿಯಾಯಿತಿ ಮೊದಲೇ ಕೊಟ್ಟರೂ, ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಜೊತೆಗೆ ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಕಾರ್ಡಿಗೆ ಬೀಳುತ್ತದೆ. ಇದು ಕೆಲವು ನೂರು ರೂಪಾಯಿಯ ವಿಷಯ. ಕಂತು ಇದೆ ಎಂಬ ಧೈರ್ಯಕ್ಕೆ ಹನ್ನೆರಡರ ಬದಲು ಇಪ್ಪತ್ತೈದು ಸಾವಿರದ್ದಕ್ಕೆ ಕೈ ಹಾಕುವುದು ದೊಡ್ಡ ಹೊಡೆತ.

ಮನೆಗೆ ತಂದ ಮೇಲೆ

180 ಹರ್ಟ್ಜ್ ಮಾನಿಟರ್ ತಂದು ತಿಂಗಳುಗಟ್ಟಲೆ 60ರಲ್ಲೇ ಆಡಿದವರನ್ನು ನಾನು ಕಂಡಿದ್ದೇನೆ. ವಿಂಡೋಸ್ ತಾನಾಗಿ ಪೂರ್ತಿ ವೇಗಕ್ಕೆ ಹೋಗುತ್ತದೆಂದು ನಂಬಬೇಡಿ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಒಳಹೋಗಿ ರಿಫ್ರೆಶ್ ರೇಟನ್ನು ನೀವೇ ಆರಿಸಬೇಕು. ಸಾಧ್ಯವಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಲ್ಲೇ ಸಿಕ್ಕಿಸಿ, ಹಳೆಯ ಎಚ್‌ಡಿಎಂಐ 1.4 ಪೋರ್ಟು ಪೂರ್ತಿ ವೇಗ ಕೊಡದು. ಡೆಸ್ಕ್‌ಟಾಪ್ ಆದರೆ ಕೇಬಲ್ ಹೋಗಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೆ, ಮದರ್‌ಬೋರ್ಡಿನ ಪೋರ್ಟಿಗಲ್ಲ.

ಆಮೇಲೆ ಇಂಟರ್ನೆಟ್. ವ್ಯಾಲೊರಂಟ್ ಸರ್ವರ್ ಮುಂಬೈಯಲ್ಲೇ ಇರುವುದರಿಂದ ಬೇಲಾಪುರದವರಿಗೆ ಪಿಂಗ್ ವರ. ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿ ಬರಲು ಅದಕ್ಕೇ ಐದಾರು ಮಿಲಿಸೆಕೆಂಡ್ ಬೇಕು, ದಾರಿಯ ಜಂಕ್ಷನ್ನುಗಳು ಸೇರಿದರೆ ಅದರ ಎಷ್ಟೋ ಪಟ್ಟು. ನಾಲ್ಕು ಗೋಡೆ ದಾಟಿ ಬರುವ ವೈ-ಫೈ ಒಮ್ಮೆ ತಡವರಿಸಿದರೂ ಹತ್ತಿಪ್ಪತ್ತು ಮಿಲಿಸೆಕೆಂಡ್ ನುಂಗುತ್ತದೆ. 240 ಹರ್ಟ್ಜ್‌ಗೆಂದು ಹತ್ತು ಸಾವಿರ ಹೆಚ್ಚು ಕೊಟ್ಟು ಗಳಿಸುವ 2.8 ಮಿಲಿಸೆಕೆಂಡಿಗಿಂತ ಕೆಲವು ನೂರು ರೂಪಾಯಿಯ ಲ್ಯಾನ್ ಕೇಬಲ್ ಕೊಡುವ ಲಾಭ ದೊಡ್ಡದು.

ಇನ್ನೊಂದು ಮಾತು ಈ ಕಡಲ ಬದಿಯವರಿಗೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಗೋಡೆಯೂ ಬೆವರುತ್ತದೆ. ಮಾನಿಟರನ್ನು ಕಿಟಕಿಯಿಂದ ದೂರವಿಡಿ, ಸ್ಪೈಕ್ ಗಾರ್ಡ್ ಮೂಲಕವೇ ವಿದ್ಯುತ್ ಕೊಡಿ, ರಜೆಗೆ ಊರಿಗೆ ಹೋಗುವಾಗ ಪ್ಲಗ್ ಕಿತ್ತಿಟ್ಟು ಹೋಗಿ. ಡಬ್ಬಿಯನ್ನೂ ಥರ್ಮೊಕೋಲನ್ನೂ ಎಸೆಯಬೇಡಿ. ಹನ್ನೊಂದು ತಿಂಗಳಿಗೆ ಮನೆ ಬದಲಿಸುವಾಗ ಟೆಂಪೋದಲ್ಲಿ ಮಾನಿಟರ್ ಉಳಿಯುವುದು ಅದರೊಳಗೇ.

ಒಟ್ಟಿನಲ್ಲಿ ಲೆಕ್ಕ ಇಷ್ಟು: ಕಂಪ್ಯೂಟರ್ ಕನಿಷ್ಠ 120 ಚಿತ್ರ ಕೊಡುತ್ತದೆಂದು ಅಳೆದು ನೋಡಿ, 24 ಅಂಗುಲ, 1080ಪಿ, ಐಪಿಎಸ್, 144ರಿಂದ 180 ಹರ್ಟ್ಜ್, ಫ್ರೀಸಿಂಕ್, ಡಿಸ್‌ಪ್ಲೇಪೋರ್ಟ್, ಮೂರು ವರ್ಷದ ವಾರಂಟಿ. ಅದಕ್ಕಿಂತ ಮೇಲೆ ಕೊಡುವ ಪ್ರತಿ ಸಾವಿರಕ್ಕೂ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಕುರ್ಚಿ ಕೊಳ್ಳಬಹುದು, ದೀಪಾವಳಿಗೆ ಊರಿಗೆ ಹೋಗುವ ಸ್ಲೀಪರ್ ಬಸ್ಸಿನ ಟಿಕೆಟ್ ಮಾಡಿಸಬಹುದು. ಹುಬ್ಬಳ್ಳಿಯ ಇಬ್ಬರೂ ಅಲ್ಲೇ ಸಿಗುತ್ತಾರೆ, ಯಾವ ಪಿಂಗೂ ಇಲ್ಲದೆ.